ಎಲುಬಿನ ಮಾಸ್ತರ ತಲೆ

ಎಲುಬಿನ ಮಾಸ್ತರ ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ. ಹಣೆಯಲ್ಲಿ ಅಂಗಾರ, ಅಕ್ಷತೆಯ ಬೊಟ್ಟು, ಅದರ ಮೇಲೆ ಎಣ್ಣೆ ಹಚ್ಚಿ ತಿಕ್ಕಿದಂತೆ ಹೊಳೆಯುವ ಬುರುಡೆ. ತೋರುಬೆರಳಿನ ಗೆಣ್ಣಿನಿಂದ ಅದನ್ನೇ ಟಕ್ ಟಕ್ ಎಂದು ಬಡಿದು, "ಇದು ಫ್ರಾಂಟಲ್", ಸ್ವಲ್ಪ ಹಿಂದೆ ಬಡಿದು, "ಇದು ಪರೈಟಲ್" ಎಂದು ಪಾಠ ಶುರು ಮಾಡುತ್ತಿದ್ದರು. ಆಮೇಲೆ ಅದೇ ಗೆಣ್ಣು ನಮ್ಮ ತಲೆಗೆ ಬರುತ್ತಿತ್ತು. "ಖಾಲಿ ಕೊಡಾನೂ ಇಷ್ಟ ಸಪ್ಪಳ ಮಾಡಂಗಿಲ್ಲ ನೋಡು" ಎಂದು ಮುಂದಿನ ಬೆಂಚಿಗೆ ಹೋಗುತ್ತಿದ್ದರು.

ಸತ್ತವರನ್ನು ಬಯ್ಯಬಾರದು ಅನ್ನುತ್ತಾರೆ. ಅವರು ಬದುಕಿದ್ದಾಗಲೂ ನಾನು ಬೈದವಳೇ. ಈಗ ಒಮ್ಮೆಲೇ ಹೊಗಳಿದರೆ ಅವರೇ ಎದ್ದು ಬಂದು ಗೆಣ್ಣಿನಿಂದ ಬಡಿದಾರು.

ಶಿಗ್ಗಾಂವಿ ಕಡೆಯ ಒಂದು ಆಯುರ್ವೇದ ಕಾಲೇಜಿನಲ್ಲಿ ಅವರು ನಮಗೆ ಶರೀರ ರಚನೆ ಕಲಿಸುತ್ತಿದ್ದರು. ಸವಣೂರಿನಿಂದ ದಿನಾ ಬಸ್ಸಿನಲ್ಲಿ ಬರುವವರು. ಮನೆತನದಲ್ಲಿ ಎಲ್ಲರೂ ಶಾಸ್ತ್ರ ಓದಿದವರು, ಇವರೊಬ್ಬರು ಎಲುಬು ಹಿಡಿದವರು. ಎಲುಬನ್ನು ನಮ್ಮ ಬೆನ್ನ ಹಿಂದೆ ಕೈಗಿಟ್ಟು, ನೋಡದೆ ಹೆಸರು ಹೇಳಬೇಕು ಎನ್ನುತ್ತಿದ್ದರು. ತಪ್ಪಿದರೆ ಮರುದಿನವೂ ಅದೇ ಎಲುಬು, ಅದರ ಮರುದಿನವೂ ಅದೇ. ಸ್ಫೀನಾಯ್ಡ್ ಎಂಬ ತಲೆಬುರುಡೆಯ ಒಂದು ಎಲುಬನ್ನು ನಾನು ಹನ್ನೊಂದು ದಿನ ಹಿಡಿದು ನಿಂತಿದ್ದೇನೆ.

ತಲೆಯಲ್ಲಿ ಇಪ್ಪತ್ತೆರಡು ಎಲುಬು. ಅವು ಗರಗಸದ ಹಲ್ಲಿನಂತೆ ಒಂದರೊಳಗೊಂದು ಸೇರಿ ಹೊಲಿದುಕೊಂಡಿರುತ್ತವೆ. ಎಳೆ ವಯಸ್ಸಿನವರ ಬುರುಡೆಯಾದರೆ ಅವನ್ನು ಬಿಡಿಸಲು ಒಂದು ಹಳೆಯ ಉಪಾಯವಿದೆ. ಬುಡದ ತೂತಿನಿಂದ ಒಣಗಿದ ಕಾಳು ಒತ್ತಿ ತುಂಬಿ, ತೂತು ಮುಚ್ಚಿ, ನೀರಿನಲ್ಲಿ ಮುಳುಗಿಸಿ ಇಡುವುದು. ಕಾಳು ಉಬ್ಬಿ ಒಳಗಿನಿಂದ ನೂಕುತ್ತದೆ. ಸುತ್ತಿಗೆಗೆ ಬಗ್ಗದ ಹೊಲಿಗೆ ಕಾಳಿಗೆ ಬಗ್ಗುತ್ತದೆ.

"ಒಕ್ಕಲುತನದ ಮನಿ ಹುಡುಗಿ ಅದಿ, ಕಡ್ಲಿ ನೀ ತಾ" ಎಂದರು ನನಗೆ. ಮಾಸೂರಿನ ನಮ್ಮ ಮನೆಯಲ್ಲಿ ಆಗ ಕಡಲೆ ತೀರಿತ್ತು. ಬಿತ್ತಿ ಉಳಿದಿದ್ದ ಗೋವಿನಜೋಳದ ಬೀಜ ಮೂಲೆಯ ಚೀಲದಲ್ಲಿತ್ತು, ಅದನ್ನೇ ಗಂಟು ಕಟ್ಟಿಕೊಂಡು ಬಂದೆ. ಬಿತ್ತುವ ಬೀಜಕ್ಕೆ ಹುಳ ಹತ್ತದಂತೆ ಗುಲಾಬಿ ಬಣ್ಣದ ಔಷಧ ಸವರಿರುತ್ತಾರೆ. ಬೀಜವೆಂದರೆ ಗುಲಾಬಿಯೇ ಎಂದು ಕಂಡು ಬೆಳೆದವಳಿಗೆ ಅದೇನು ವಿಶೇಷ ಅನ್ನಿಸಲಿಲ್ಲ. ಮೂರನೆಯ ದಿನ ಹೊಲಿಗೆಗಳು ಚಂದವಾಗಿ ಬಿಟ್ಟುಕೊಂಡಿದ್ದವು. ಆದರೆ ಎಲುಬುಗಳೆಲ್ಲ ಬತ್ತಾಸಿನಂಗಡಿಯ ಮಿಠಾಯಿಯ ಹಾಗೆ ಗುಲಾಬಿಯಾಗಿದ್ದವು.

ಮಾಸ್ತರು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದರು. "ಸತ್ತ ಮ್ಯಾಲೂ ಈತಗ ವಿಷಾ ಹಾಕಿದ್ಯಲ್ಲವಾ!"

ಕ್ಲಾಸು ನಕ್ಕಿತು. ಅವರು ನಗಲಿಲ್ಲ. ಕಾಲೇಜಿನಲ್ಲಿ ಇದ್ದ ಎಳೆಯ ಬುರುಡೆ ಅದೊಂದೇ. ಆ ವರ್ಷ ಅವರು ನನ್ನನ್ನು ಪಾಸು ಮಾಡಲಿಲ್ಲ. ಕೇಳಲು ಹೋದ ಅಪ್ಪನನ್ನು ವರಾಂಡದಲ್ಲೇ ನಿಲ್ಲಿಸಿ, ಕುಂದರ್ರಿ ಎನ್ನದೆ, ಒಂದು ವಾಟಗಾ ನೀರನ್ನೂ ಕೊಡಿಸದೆ, "ನಿಮ್ಮ ಮಗಳಿಗೆ ಕಾಳೂ ಗೊತ್ತಿಲ್ಲ, ಎಲುಬೂ ಗೊತ್ತಿಲ್ಲ. ಕರ್ಕೊಂಡ ಹೋಗ್ರಿ" ಎಂದರು. ಅಪ್ಪ ಬಿಸಿಲಲ್ಲಿ ಮೂರು ಬಸ್ಸು ಬದಲಿಸಿ ಬಂದಿದ್ದ. ನಾನು ಫೇಲಾದದ್ದನ್ನು ಮರೆತೇನು, ಆ ನೀರನ್ನು ಮರೆಯಲಾರೆ. ಅಪ್ಪ ನನ್ನನ್ನು ಕರೆದುಕೊಂಡು ಹೋಗಲಿಲ್ಲ. "ಅವನ ಮುಂದ ಮತ್ತೊಮ್ಮೆ ಕುಂತು ಪಾಸಾಗು" ಎಂದು ಹೇಳಿ ಒಬ್ಬನೇ ಹೋದ.

ಆದೆ. ಮುಂದೆ ಅದೇ ವಿಷಯದಲ್ಲಿ ಮೇಲಿನ ಓದು ಮುಗಿಸಿ ಅದೇ ಕಾಲೇಜಿಗೆ ಕಲಿಸಲು ಬಂದೆ. ಆರು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕುಳಿತೆವು. ಪ್ರತಿ ವರ್ಷ ಹೊಸ ಹುಡುಗರಿಗೆ ಆ ಗುಲಾಬಿ ಎಲುಬು ತೋರಿಸಿ, "ಇದು ಮೇಡಮ್ಮರ ಬೆಳಿ" ಎನ್ನುವುದನ್ನು ಅವರು ಬಿಡಲಿಲ್ಲ. ಅವರಿಗೆ ನಮಸ್ಕಾರ ಮಾಡದೆ ಕುರ್ಚಿ ಎಳೆದು ಕೂರುವುದನ್ನು ನಾನೂ ಬಿಡಲಿಲ್ಲ.

ನಿವೃತ್ತರಾಗಿ ಕೆಲವು ವರ್ಷದ ಮೇಲೆ ನನ್ನನ್ನು ಸವಣೂರಿಗೆ ಕರೆಸಿದರು. ಹೆಂಡತಿ ಮಠಕ್ಕೆ ಹೋಗಿದ್ದ ಹೊತ್ತು. ದೇಹದಾನದ ಕಾಗದ ಮುಂದಿಟ್ಟು, ಸಾಕ್ಷಿಯ ಜಾಗಕ್ಕೆ ಬೆರಳು ತೋರಿಸಿದರು.

"ಈಗಿನ ಪ್ಲಾಸ್ಟಿಕ್ ತಲಿ ಎಲ್ಲಾ ಸುಳ್ಳು. ಹೊಲಿಗಿ ಬಣ್ಣದಾಗ ಬರ್ದಿರ್ತಾರ. ನಂದು ಹಳೇದು, ಹೊಲಿಗಿ ಕೂಡ್ಯಾವು, ಕಾಳು ಹಾಕಿದ್ರ ಬಿಡಂಗಿಲ್ಲ. ಇಡೀದ ಇಡ್ರಿ. ಮುದುಕರ ತಲಿ ಹೆಂಗಿರ್ತದ ಹುಡುಗ್ರು ಮುಟ್ಟಿ ನೋಡ್ಲಿ."

"ಮನ್ಯಾಗ ಹೇಳೀರೇನ್ರಿ?"

"ಇಲ್ಲ. ಹೇಳಿದ್ರ ಅಳ್ತಾಳ. ನಾ ಹ್ವಾದ ಮ್ಯಾಲೆ ನೀ ಹೇಳು."

"ನಾನ ಯಾಕ್ರಿ? ನಿಮ್ಮ ಮ್ಯಾಲೆ ಜೀವಾ ಇಟ್ಟ ಶಿಷ್ಯಾರು ಊರ ತುಂಬ ಅದಾರಲ್ಲ."

"ಜೀವಾ ಇಟ್ಟಾವ್ರು ಅಕಿ ಅಳೂದ ನೋಡಿ ಬಿಟ್ಟುಕೊಡ್ತಾರ. ನೀ ನನ್ನ ಕಂಡ್ರ ಉರೀತಿ. ನೀ ಬಿಡಂಗಿಲ್ಲ."

ಹೊಗಳಿಕೆಯೋ ಬೈಗಳೋ ತಿಳಿಯದೆ ರುಜು ಹಾಕಿದೆ. ಅವತ್ತೂ ಅವರು ಚಹಾ ಬೇಕೇ ಎನ್ನಲಿಲ್ಲ.

ಹೋದ ಶ್ರಾವಣದಲ್ಲಿ, ಬೆಳಿಗ್ಗೆ ಸಂಧ್ಯಾವಂದನೆಗೆ ಕುಳಿತಲ್ಲೇ ತೀರಿಕೊಂಡರು. ನಾನು ಕಾಲೇಜಿನ ಗಾಡಿಗೆ ಹೇಳಿ, ಕಾಗದ ಹಿಡಿದು ಹೋದೆ. ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದರು. ಮಾಸ್ತರ ಹೆಂಡತಿ ತಲೆಯ ಹತ್ತಿರ ಕುಳಿತಿದ್ದರು. ವಿಷಯ ತಿಳಿಸಿದೆ. ನೆಂಟರು ಮೈಮೇಲೆ ಬಂದರು, "ಯಾರವಾ ನೀ, ಸಂಸ್ಕಾರ ತಪ್ಪಸಾಕ?" ಎಂದರು. ನಾನು ಕಾಗದ ಎತ್ತಿ ಹಿಡಿದೆ. ಜಗಳಕ್ಕೆ ನಾನು ಹೆದರುವವಳಲ್ಲ, ಅದನ್ನು ಆ ಮನುಷ್ಯನಿಂದಲೇ ಕಲಿತಿದ್ದೆ.

ಅವರ ಹೆಂಡತಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅಳುತ್ತಿರಲಿಲ್ಲ.

"ನಲವತ್ತು ವರ್ಷ ಯಾರ್ಯಾರದೋ ಎಲುಬು ಮುಟ್ಟಿ ಮನಿಗೆ ಬಂದ್ರು. ದಿನಾ ಸಂಜಿಕ್ಕ ಹಿತ್ತಲದಾಗ ನೀರು ಕಾಸಿಟ್ಟೇನಿ. ಯಾಕಂತ ಒಂದ ಮಾತು ಕೇಳಿಲ್ಲ. ಊರ ಮಂದಿಗೆಲ್ಲಾ ಎಲುಬು ಕೊಟ್ಟ ಮನುಷ್ಯಾ, ಹೊಳಿಗೆ ಬಿಡಾಕ ನನಗೊಂದು ಹಿಡಿ ಬ್ಯಾಡೇನವಾ?"

ಅದಕ್ಕೆ ಹೇಳುವ ಉತ್ತರ ನನ್ನ ಬಳಿ ಇತ್ತು. ಇದು ಅವರ ಇಚ್ಛೆ, ಇದು ಅವರ ರುಜು, ಹುಡುಗರು ಕಾಯುತ್ತಿದ್ದಾರೆ. ದಾರಿಯಲ್ಲಿ ಬರುವಾಗ ಎಲ್ಲವನ್ನೂ ಜೋಡಿಸಿಕೊಂಡಿದ್ದೆ. ಬಾಯಿ ಬರಲಿಲ್ಲ. ನೆಲದ ಮೇಲಿನ ಆ ಬೋಳು ತಲೆಯನ್ನು ನೋಡಿದೆ, ಬೇಕೆಂದೇ ಹಳೆಯದನ್ನೆಲ್ಲ ನೆನೆದುಕೊಂಡೆ. ವರಾಂಡದಲ್ಲಿ ನಿಂತ ಅಪ್ಪನನ್ನೂ ನೆನೆದೆ. ಆದರೂ ಕೈಯಲ್ಲಿದ್ದ ಕಾಗದವನ್ನು ಮಡಚಿದೆ.

ಹೊರಗೆ ಹೋಗಿ ಗಾಡಿಯವನಿಗೆ ವಾಪಸು ಹೋಗು ಎಂದೆ.

ನನ್ನ ಹುಡುಗರು ಇವತ್ತಿಗೂ ಬಣ್ಣದ ಹೊಲಿಗೆಯ ಪ್ಲಾಸ್ಟಿಕ್ ಬುರುಡೆ ಹಿಡಿದೇ ಕಲಿಯುತ್ತಾರೆ. ಮಾಸ್ತರು ಜೀವಮಾನದಲ್ಲಿ ನನ್ನನ್ನು ನಂಬಿದ್ದು ಒಂದೇ ಸಲ, ಅದೂ ನನ್ನ ಸಿಟ್ಟನ್ನು ನಂಬಿ. ಅವರ ಮೇಲೆ ಸಿಟ್ಟು ಈಗಲೂ ಇದೆ. ಅವತ್ತು ಬೇಕಾದಷ್ಟು ಇರಲಿಲ್ಲ.