ಹೊಡೆದವರು ಅಳೆಯಬಾರದು

ದೀಪಾವಳಿಯ ರೀಲು ಪಟಾಕಿಯ ಪಿಸ್ತೂಲು ಬಿಟ್ಟರೆ ಬೇರೆ ಆಯುಧ ಮುಟ್ಟದ ಮೈಸೂರಿನ ಪುಳಿಚಾರು ನಾನು. ಡಚ್ಚರ ಐಂಡ್‌ಹೋವನ್ ನಗರದ ಹೊರವಲಯದ ಶೂಟಿಂಗ್ ಕ್ಲಬ್ಬಿಗೆ ನನ್ನನ್ನು ಸೇರಿಸಿದವರು ನಮ್ಮ ಆಫೀಸಿನ ಹಿರಿಯರೊಬ್ಬರು, ಧಾರವಾಡದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ನಾನು ಈ ದೇಶಕ್ಕೆ ಬಂದಿಳಿದ ವಾರ ಮನೆ ಹುಡುಕಿಕೊಟ್ಟವರು, ನಗರಸಭೆಯ ಕೌಂಟರಿನಲ್ಲಿ ನನ್ನ ಪರವಾಗಿ ಡಚ್ಚಿನಲ್ಲಿ ವಾದ ಮಾಡಿದವರು, ಸೈಕಲ್ಲಿನಲ್ಲಿ ಎದುರುಗಾಳಿಗೆ ಬಗ್ಗುವುದನ್ನು ಕಲಿಸಿದವರು ಅವರೇ.

ನಮ್ಮಿಬ್ಬರ ಉದ್ಯೋಗವೂ ಅಳತೆಯದ್ದು. ಯಂತ್ರ ಎಲ್ಲಿ, ಎಷ್ಟು ತಪ್ಪುತ್ತಿದೆ ಎಂದು ಹುಡುಕುವುದೇ ಕೆಲಸ. ಹಾಗಾಗಿ ಒಂದು ಅಕ್ಟೋಬರಿನಲ್ಲಿ ಅವರು ತಮ್ಮ ಎರಡು ಮ್ಯಾಗ್ನಮ್ ರಿವಾಲ್ವರುಗಳನ್ನು ಹೋಲಿಸಿ ನೋಡಬೇಕು ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಒಂದು ಫಾರ್ಟಿಫೋರ್, ಇನ್ನೊಂದು ತ್ರೀ ಫಿಫ್ಟಿಸೆವೆನ್. ಎರಡಕ್ಕೂ ಆರಿಂಚಿನ ನಳಿಗೆ. ಫಾರ್ಟಿಫೋರ್ ಭಾರ, ಹೊಡೆದಾಗ ಅಂಗೈಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿ ಮೇಲೇಳುತ್ತದೆ. ತ್ರೀ ಫಿಫ್ಟಿಸೆವೆನ್ ಹಾಗಲ್ಲ, ಅದಕ್ಕೆ ಸಿಡುಕು ಜಾಸ್ತಿ, ಚಟ್ಟನೆ ಒದ್ದು ಸುಮ್ಮನಾಗುತ್ತದೆ. ಅವರಿಗೆ ಪ್ರೀತಿ ಇದ್ದದ್ದು ಮೊದಲನೆಯದರ ಮೇಲೆ. ಇಪ್ಪತ್ತು ವರ್ಷದಿಂದ ಅವರ ಬಳಿ ಇತ್ತು. ಆದರೆ ಇತ್ತೀಚೆಗೆ ಗುಂಡುಗಳು ಚದುರುತ್ತಿವೆ, ಅದರ ಒದೆತ ತನಗೆ ಒಗ್ಗುತ್ತಿಲ್ಲ ಎಂಬುದು ಅವರ ಅನುಮಾನ. ಒಂದನ್ನು ಉಳಿಸಿಕೊಂಡು ಒಂದನ್ನು ಕೊಟ್ಟುಬಿಡಬೇಕು ಎಂದಿದ್ದರು.

ನಿಯಮಗಳನ್ನು ಮಾಡಿದ್ದೂ ಅವರೇ. ಪ್ರತಿ ಶನಿವಾರ ಬೆಳಿಗ್ಗೆ ಇಪ್ಪತ್ತೈದು ಮೀಟರಿನಲ್ಲಿ ಒಂದೊಂದರಿಂದ ಐದೈದು ಗುಂಡು. ಗುರಿಯ ಹಾಳೆಯ ಮೇಲೆ ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ಕ್ಯಾಲಿಪರಿನಿಂದ ಅಳೆದು ಪುಸ್ತಕದಲ್ಲಿ ಬರೆಯಬೇಕು.

"ಹೊಡದಾಂವ ಅಳೀಬಾರದು ತಮ್ಮಾ. ಮನಸು ತನಗ ಬೇಕಾದ್ದನ್ನ ನೋಡ್ತದ. ನಾ ಹೊಡೀತೀನಿ, ನೀ ಅಳದು ಬರಿ. ಮಾರ್ಚ್ ತನಕಾ ನಾ ಪುಸ್ತಕ ತಗದು ನೋಡಂಗಿಲ್ಲ."

ಅವರು ಹೇಳಿದ ಮೇಲೆ ಮುಗಿಯಿತು. ಮೋಟಾರು ಹಾಳೆಯನ್ನು ಎಳೆದು ತರುವ ಹೊತ್ತಿಗೆ ಅವರು ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ನಾನು ಹಾಳೆ ಬಿಡಿಸಿಕೊಂಡು ಹಿಂದಿನ ಮೇಜಿಗೆ ಹೋಗುತ್ತಿದ್ದೆ.

ಮೊದಲೆರಡು ಶನಿವಾರ ಇದ್ದದ್ದನ್ನೇ ಬರೆದೆ, ಹತ್ತು ಹನ್ನೆರಡರ ಆಸುಪಾಸಿತ್ತು. ಮೂರನೆಯ ಶನಿವಾರ ಫಾರ್ಟಿಫೋರಿನ ಹಾಳೆಯಲ್ಲಿ ಅಂತರ ಹತ್ತೊಂಬತ್ತು ಸೆಂಟಿಮೀಟರ್ ಬಂತು. ತ್ರೀ ಫಿಫ್ಟಿಸೆವೆನ್ನಿನದೂ ಹೆಚ್ಚುಕಮ್ಮಿ ಅಷ್ಟೇ. ಎರಡು ಯಂತ್ರಗಳು ಒಂದೇ ರೀತಿ ತಪ್ಪುತ್ತಿದ್ದರೆ ಎರಡಕ್ಕೂ ಸಮಾನವಾದದ್ದನ್ನು ಹುಡುಕು ಎಂದು ಆಫೀಸಿನಲ್ಲಿ ನನಗೆ ಕಲಿಸಿದವರೇ ಅವರು. ಸಮಾನವಾಗಿದ್ದದ್ದು ಅವರ ಬಲಗೈ. ತಲೆಯೆತ್ತಿ ನೋಡಿದೆ. ಅವರು ಗುಂಡುಗಳನ್ನು ಡಬ್ಬಿಗೆ ವಾಪಸು ಹಾಕುತ್ತಿದ್ದರು. ಒಂದು ಗುಂಡು ಡಬ್ಬಿಯ ಅಂಚಿಗೆ ಟಕಟಕ ಬಡಿಯುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ.

ಪುಸ್ತಕದಲ್ಲಿ ಹನ್ನೊಂದು ಎಂದು ಬರೆದೆ. ಅದರ ಕೆಳಗೆ ಹತ್ತು ಎಂದು ಬರೆದೆ.

ಯಾಕೆ ಎಂದು ಈಗ ಕೇಳಿದರೆ ಉತ್ತರಗಳು ರಾಶಿ ಇವೆ, ಎಲ್ಲವೂ ಕಳಪೆ. ಒಬ್ಬ ಹಿರಿಯರಿಗೆ, ಅದೂ ಅನ್ನ ಹಾಕಿದ ಕೈಗೆ, ನಿಮ್ಮ ಕೈ ನಡುಗುತ್ತಿದೆ ಎಂದು ಮುಖಕ್ಕೆ ಹೇಳುವುದು ನಮ್ಮಲ್ಲಿ ಯಾರಿಗೆ ಬರುತ್ತದೆ? ಕ್ಲಬ್ಬಿನ ಡಚ್ಚರಲ್ಲಿ ಯಾರಾದರೂ ಆ ಹಾಳೆ ನೋಡಿದ್ದರೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದರು. ಅವರ ಒರಟುತನವನ್ನು ಆಡಿಕೊಂಡು ನಗುತ್ತಿದ್ದವನು ನಾನು. ಮುಂದಿನ ವಾರ ಹೇಳಿದರಾಯಿತು ಅಂದುಕೊಂಡೆ. ಮುಂದಿನ ವಾರವೂ ಹಾಗೆಯೇ ಅಂದುಕೊಂಡೆ. ಹಾಳೆಗಳನ್ನು ನಾಲ್ಕಾಗಿ ಮಡಚಿ ಕಸದ ಡಬ್ಬಿಗೆ ಹಾಕುತ್ತಿದ್ದೆ.

ಜನವರಿಯ ಒಂದು ಶನಿವಾರ ಫಾರ್ಟಿಫೋರಿನ ಹ್ಯಾಮರ್ ಎಳೆದು ಅವರು ಗುರಿ ಹಿಡಿಯುವ ಮೊದಲೇ ಗುಂಡು ಹಾರಿತು. ಹಾಳೆಯ ಕೆಳಗಿನ ಮರದ ಚೌಕಟ್ಟು ಸೀಳಿತು.

"ಟ್ರಿಗರ್ ಭಾಳ ಹಗುರ ಆಗೇದ," ಎಂದರು.

"ಹೌದು ಸರ್, ಸ್ವಲ್ಪ ಲೈಟ್ ಇದೆ," ಎಂದೆ.

ಮಾರ್ಚಿನಲ್ಲಿ ಪುಸ್ತಕ ತೆರೆದು ಸರಾಸರಿ ಹಾಕಿದರು. ತ್ರೀ ಫಿಫ್ಟಿಸೆವೆನ್ ಒಂದು ಸೆಂಟಿಮೀಟರಿನಿಂದ ಗೆದ್ದಿತ್ತು. ಗೆಲ್ಲಿಸಿದ್ದು ನಾನು. ಫಾರ್ಟಿಫೋರಿನ ಒದೆತದ ಬಗ್ಗೆ ಅವರು ದೂರುತ್ತಿದ್ದರಲ್ಲ, ಅವರ ಮಾತಿಗೆ ಹೊಂದಲಿ ಎಂದು ಪ್ರತಿ ವಾರ ಅದಕ್ಕೆ ಒಂದು ಅಂಕಿ ಹೆಚ್ಚು ಬರೆದಿದ್ದೆ. ಅವರು ಕೂಡಿದ್ದನ್ನೇ ಇನ್ನೊಮ್ಮೆ ಕೂಡಿ ನೋಡಿದರು. ಆಮೇಲೆ, "ಡೇಟಾ ಅಂದ್ರ ಡೇಟಾ," ಎಂದು ಇಪ್ಪತ್ತು ವರ್ಷದ ಫಾರ್ಟಿಫೋರನ್ನು ಬಂದೂಕಿನ ಅಂಗಡಿಗೆ ಕೊಟ್ಟು ಬಂದರು.

ಮೇ ತಿಂಗಳಲ್ಲಿ ಆಫೀಸಿನ ಸೈಕಲ್ ಸ್ಟ್ಯಾಂಡಿನಲ್ಲಿ ಬೀಗದ ಕೈಯನ್ನು ಬೀಗಕ್ಕೆ ಹಾಕಲಾಗದೆ ಅವರು ಕಾಲು ಗಂಟೆ ನಿಂತದ್ದನ್ನು ಇನ್ನೊಬ್ಬ ಸಹೋದ್ಯೋಗಿ ನೋಡಿದ. ಡಚ್ಚ. ಆಗಲೇ ಅವರಿಗೆ ಹೇಳಿದ, ಮನೆ ವೈದ್ಯರ ಹತ್ತಿರ ಕಳಿಸಿದ. ಮನೆ ವೈದ್ಯರು ನರರೋಗ ತಜ್ಞರ ಬಳಿ ಕಳಿಸಿದರು. ಆ ದಿನ ಅವರ ಹೆಂಡತಿಗೆ ರಜೆ ಸಿಗಲಿಲ್ಲ, ಕಾರು ಓಡಿಸಿಕೊಂಡು ಹೋದವನು ನಾನು. ಅವರ ತೊಡೆಯ ಮೇಲೆ ಆ ಪುಸ್ತಕವಿತ್ತು.

"ಐದು ತಿಂಗಳದ್ದು ಕೈಯ ರೆಕಾರ್ಡ್ ಅದ ತಮ್ಮಾ. ಇಷ್ಟು ಛಲೋ ಡೇಟಾ ಯಾವ ಪೇಶಂಟ್ ತರ್ತಾನ?"

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ಕೈಯನ್ನು ತಿರುಗಿಸಿ ನೋಡಿದಳು, ಬೆರಳು ತಟ್ಟಿಸಿದಳು, ಕಾರಿಡಾರಿನಲ್ಲಿ ನಡೆಸಿದಳು. ಆಮೇಲೆ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಿದಳು. ಮಾರ್ಚಿನವರೆಗೂ ಕೈ ಸ್ಥಿರವಾಗಿತ್ತು, ಎರಡೇ ತಿಂಗಳಲ್ಲಿ ಇಷ್ಟಾಯಿತೇ ಎಂದು ಕೇಳಿದಳು. ಅವರು ಹೆಮ್ಮೆಯಿಂದಲೇ ಹೌದು ಎಂದರು. ಆಕೆ ಪೆನ್ನು ಕೆಳಗಿಟ್ಟಳು. ಪಾರ್ಕಿನ್ಸನ್ನಿನ ಹಾಗೆ ಕಾಣುತ್ತದೆ, ಆದರೆ ಇಷ್ಟು ವೇಗವಾಗಿ ಬರುವುದು ಸಾಮಾನ್ಯವಲ್ಲ, ಅದರ ಜಾತಿಯ ಬೇರೆ ಕಾಯಿಲೆಗಳಿವೆ, ಅವು ಬೇಗ ಕೆಡುತ್ತವೆ, ಅದನ್ನು ಮೊದಲು ನೋಡಬೇಕು ಎಂದಳು.

"ಅಂಥಾದ್ದಾದರೆ ಎಷ್ಟು ವರ್ಷ?" ಎಂದು ಅವರು ಡಚ್ಚಿನಲ್ಲಿ ಕೇಳಿದರು. ಧ್ವನಿ ಸರಿಯಾಗಿಯೇ ಇತ್ತು. ಮೊಣಕಾಲಿನ ಮೇಲೆ ಇಟ್ಟಿದ್ದ ಕೈಯನ್ನು ಮಾತ್ರ ಇನ್ನೊಂದು ಕೈಯಿಂದ ಒತ್ತಿ ಹಿಡಿದಿದ್ದರು.

ಆಗ ಹೇಳಿದೆ. ಕನ್ನಡದಲ್ಲಿ ಬಾಯಿ ಬರಲಿಲ್ಲ. ನನ್ನ ಹರಕು ಡಚ್ಚಿನಲ್ಲಿ, ಅವರ ಕಡೆ ನೋಡದೆ, ಡಾಕ್ಟರಿಗೆ ಹೇಳಿದೆ: ಅಂಕಿಗಳು ಸುಳ್ಳು. ಮೊದಲೆರಡು ವಾರದ್ದು ಮಾತ್ರ ನಿಜ. ಉಳಿದದ್ದು ನಾನು ಕಟ್ಟಿದ್ದು. ಕೈ ಅಕ್ಟೋಬರಿನಿಂದಲೇ ಹೀಗಿತ್ತು.

ಹಾಳೆಗಳು ಇವೆಯಾ ಎಂದಳು. ಇಲ್ಲ ಎಂದೆ. ನಿಜವಾದ ಅಂಕಿಗಳು ನೆನಪಿವೆಯಾ ಎಂದಳು. ಹತ್ತೊಂಬತ್ತು ಎಂಬುದೊಂದು ನೆನಪಿತ್ತು, ಉಳಿದದ್ದು ಇರಲಿಲ್ಲ. ಆಕೆ ನನ್ನನ್ನು ಬೈಯಲಿಲ್ಲ. ಪುಸ್ತಕ ಮುಚ್ಚಿ ಅವರ ಕಡೆ ಸರಿಸಿ, ಹಾಗಿದ್ದರೆ ಇದು ನಿಧಾನವಾಗಿಯೇ ಬಂದಿದೆ, ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ ಎಂದಳು. ಔಷಧಿಯನ್ನು ಇನ್ನೂ ಮುಂಚೆಯೇ ಶುರು ಮಾಡಬಹುದಿತ್ತು ಎಂದೂ ಅಂದಳು.

ಕಾರು ನಿಲ್ಲಿಸಿದ್ದ ಜಾಗದವರೆಗೂ ನಡೆದೆವು. ಕ್ಷಮಿಸಿ ಸರ್ ಎಂದೆ. ಮತ್ತೆ ಹೇಳಿದೆ. ಬಾಗಿಲ ಬಳಿ ನಿಂತು, ಕಾರಿನ ಛಾವಣಿಯ ಮೇಲೆ ಕೈಯೂರಿಕೊಂಡು ಅವರು ಕೇಳಿದರು:

"ಸುಳ್ಳು ಬರದಿ, ಅದು ಇರಲಿ. ಔಷಧಾನೂ ಇರಲಿ. ಅವತ್ತ ಚೌಕಟ್ಟಿಗೆ ಗುಂಡು ಬಡೀತಲ್ಲ, ಆಗಾದ್ರೂ ನನ್ನ ಕೈಯಾಗಿಂದ ಅದನ್ನ ಯಾಕ ಕಸಗೊಳ್ಳಲಿಲ್ಲ? ಬಾಜೂ ಲೇನ್‌ನಾಗ ಮಂದಿ ನಿಂತಿದ್ರು."

ನಾನು ಅವರ ಮನಸ್ಸು ನೋಯದಂತೆ ನೋಡಿಕೊಂಡೆ ಅಂದುಕೊಂಡಿದ್ದೆ. ಕಾಪಾಡಿದ್ದು ನನ್ನ ಮುಜುಗರವನ್ನು. ಪಕ್ಕದಲ್ಲಿ ನಿಂತವರ ನೆನಪು ಆ ಚಳಿಗಾಲದ ಒಂದು ಶನಿವಾರವೂ ನನಗೆ ಬಂದಿರಲಿಲ್ಲ.

ಮರುದಿನವೇ, ಯಾರೂ ಕೇಳುವ ಮೊದಲೇ, ಅವರು ಪೊಲೀಸರಿಗೆ ತಮ್ಮ ಪರವಾನಗಿ ಮರಳಿಸಿದರು. ಉಳಿದ ರಿವಾಲ್ವರೂ ಹೋಯಿತು. ನಾನೂ ಕ್ಲಬ್ಬು ಬಿಟ್ಟೆ.

ಈಗ ತಿಂಗಳಿಗೊಮ್ಮೆ ಅವರ ಮನೆಗೆ ಹೋಗುತ್ತೇನೆ. ಬಾಗಿಲಲ್ಲೇ ಸಿಟ್ಟಿಲ್ಲದೆ ಬಾ ತಮ್ಮಾ ಎನ್ನುತ್ತಾರೆ. ಕೈ ಹೇಗಿದೆ ಸರ್ ಎಂದು ಕೇಳಿದರೆ, "ಭಾಳ ಸುಧಾರಿಸೇದ, ಆರಾಮ ಅದೀನಿ," ಎನ್ನುತ್ತಾರೆ. ಅವರ ಹೆಂಡತಿ ತಲೆ ತಗ್ಗಿಸುತ್ತಾರೆ. ಚಹಾ ಬರುತ್ತದೆ. ನನ್ನದು ಮುಗಿಯುತ್ತದೆ. ನಾನು ಎದ್ದು ಹೊರಡುವವರೆಗೂ ಅವರು ತಮ್ಮ ಕಪ್ಪನ್ನು ಮುಟ್ಟುವುದಿಲ್ಲ.