ಅವ್ವನ ಕೈಗೆ ಕೂತ ಹಿಡಿಕೆ

ಅಗಸೆ ಎಣ್ಣೆ ಕಾಯುವ ವಾಸನೆ ಎಲ್ಲೇ ಮೂಗಿಗೆ ಬಿದ್ದರೂ ಖಾನಾಪುರದ ನಮ್ಮ ಹಿತ್ತಿಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಸಾವಿರದ ಒಂಬೈನೂರ ಇಪ್ಪತ್ತೈದರ ಆಸುಪಾಸಿನ ಮಾತು. ಅಪ್ಪ ಬಡಿಗ, ಆದರೆ ಬಾಗಿಲು ಕಿಟಕಿಗಿಂತ ಚೂರಿಯ ಹಿಡಿಕೆಗಳ ಮೇಲೇ ಅವನಿಗೆ ಜೀವ. ಮಾವಿನ ಮರದ ಗಂಟು ನೋಡಲು ಚೆಂದ, ಕೈಗೆ ಹಗುರ, ಆದರೆ ನೀರು ಕುಡಿದು ಸೀಳುತ್ತದೆ. ಅದಕ್ಕೇ ಅಪ್ಪ ಗಂಟುಗಳನ್ನು ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿ, ಅಗಸೆ ಎಣ್ಣೆಯಲ್ಲಿ ಜೇನುಮೇಣ ಕರಗಿಸಿದ ಗಡಿಗೆಗೆ ಹಾಕಿ, ತೇಲದಂತೆ ಮೇಲೊಂದು ಕಲ್ಲು ಹೇರಿ ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದ. ಗುಳ್ಳೆ ಏಳುವುದು ನಿಂತ ಮೇಲೆ ಉರಿ ತೆಗೆದರೆ, ಗಡಿಗೆ ತಾನಾಗಿ ತಣ್ಣಗಾಗುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. "ಕಾಯುವಾಗ ಕಟಗಿ ಉಸುರು ಬಿಡತೈತಿ, ಆರುವಾಗ ಎಣ್ಣಿ ಕುಡೀತೈತಿ" ಅನ್ನುತ್ತಿದ್ದ. ಬೆಳಗಾವಿಯ ರವಿವಾರ ಪೇಟೆಯ ವ್ಯಾಪಾರಿಗಳು ಎಷ್ಟು ಅವಸರ ಮಾಡಿದರೂ ಅಪ್ಪ ಬಗ್ಗುತ್ತಿರಲಿಲ್ಲ.

ಆ ವರ್ಷ ನಂದಗಡದ ತವರಿಗೆ ಹೋಗಿದ್ದಾಗ ಅವ್ವನ ಬಲಗೈ ಕಬ್ಬಿನ ಗಾಣಕ್ಕೆ ಸಿಕ್ಕು ಕೊನೆಯ ಎರಡು ಬೆರಳು ಹೋದವು. ಗಾಯ ಮಾಯಿತು, ಚೂರಿ ಮಾತ್ರ ಕೈಯಲ್ಲಿ ನಿಲ್ಲದಾಯಿತು. ಅಪ್ಪನ ತಾಯಿ, ನಮ್ಮ ಆಯಿ, ಒಲೆಯ ಯಜಮಾನಿಕೆಯನ್ನು ತಾನೇ ವಹಿಸಿಕೊಂಡಳು; ಪ್ರೀತಿಯಿಂದಲೇ, ಆದರೆ ಹಿಡಿದದ್ದನ್ನು ಸುಲಭಕ್ಕೆ ಬಿಡುವ ಪೈಕಿ ಅಲ್ಲ ಅವಳು. ಅವ್ವ ಪಡಸಾಲೆಯಲ್ಲಿ ಕಾಳು ಆರಿಸುತ್ತ ಕೂತಳು. ಒಮ್ಮೆ ನನ್ನ ತಲೆ ಬಾಚುತ್ತ, "ಬೆರಳು ಹೋದದ್ದಕ್ಕ ಅಳೂದಿಲ್ಲ ಮಗಳ, ಒಲಿ ಹೋತಲ್ಲ, ಅದಕ್ಕ ಸಂಕಟ ಆಗತೈತಿ" ಅಂದಳು. ಅದು ಅಪ್ಪನ ಕಿವಿಗೂ ಬಿತ್ತು.

ಮರುದಿನವೇ ಅಪ್ಪ ಅವಳ ಕೈಗೆ ಹಸಿಮಣ್ಣಿನ ಉಂಡೆ ಕೊಟ್ಟು ಹಿಚುಕಿಸಿ, ಆ ಅಚ್ಚು ನೋಡಿಕೊಂಡು ಮೂರು ಬೆರಳಿಗೆ ಮೂರು ತಗ್ಗು ತೆಗೆದು ಹಿಡಿಕೆ ಕೆತ್ತಿ ಎಣ್ಣೆಯ ಗಡಿಗೆಗೆ ಹಾಕಿದ. ಊರಿಗೆಲ್ಲ ತಾಳ್ಮೆ ಹೇಳುವ ಮನುಷ್ಯ ಅವತ್ತು ಮಾತ್ರ ಕಾಯಲಾರದೆ, ಎಣ್ಣೆ ಸುಡುತ್ತಿರುವಾಗಲೇ ಅದನ್ನು ಇಕ್ಕಳದಿಂದ ಎತ್ತಿಬಿಟ್ಟ. ಅಲಗು ಕೂಡಿಸಿ ಮಧ್ಯಾಹ್ನಕ್ಕೇ ಅವ್ವನ ಕೈಗಿಟ್ಟ. ಅವ್ವ ಹದಿನೈದು ದಿನ ನಗುನಗುತ್ತ ಬದನೆಕಾಯಿ ಹೆಚ್ಚಿದಳು. ಹಿಡಿಕೆಗೆ ಯಾಕೆ ದಾರ ಸುತ್ತಿದ್ದಾಳೆಂದು ಅಪ್ಪ ಬಿಚ್ಚಿ ನೋಡಿದರೆ, ಉದ್ದಕ್ಕೂ ಬಿರುಕು. ಅವಳ ಅಂಗೈ ತುಂಬ ಸಿಬಿರು ಚುಚ್ಚಿದ ಗಾಯ. ಅವನು ನೊಂದುಕೊಂಡಾನೆಂದು ಅವಳು ಬಾಯಿ ಬಿಟ್ಟಿರಲಿಲ್ಲ. "ತಪ್ಪು ಕಟಗೀದಲ್ಲ, ನಂದು" ಅಂದ. ಅಪ್ಪ ತಪ್ಪೊಪ್ಪಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಎರಡನೆಯ ಹಿಡಿಕೆಗೆ ಅವನು ಗಡಿಗೆಯ ಪಕ್ಕದಲ್ಲೇ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಎಣ್ಣೆ ಪೂರಾ ತಣ್ಣಗಾದ ಮೇಲೆ ಹೊರತೆಗೆದು, ಒರೆಸಿ, ಮತ್ತೊಂದು ತಿಂಗಳು ಗಾಳಿಗೆ ಆರಲು ಬಿಟ್ಟ. ಆ ತಿಂಗಳೂ ಅವ್ವ ಕಾಳು ಆರಿಸಿದಳು. ಕೊನೆಗೊಂದು ದಿನ ಹೊಸ ಚೂರಿ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಾಗ ಆಯಿ ಮಣೆ ಬಿಟ್ಟೆದ್ದು, "ಬಾ, ಇಲ್ಲೆ ಕುಂದರು. ಖಾರ ಎಷ್ಟ ಹಾಕೂದಂತ ಇನ್ನ ನೀನ ಹೇಳು" ಅಂದಳು.

ಅವರೆಲ್ಲ ಹೋಗಿ ಎಷ್ಟೋ ಕಾಲವಾಯಿತು. ಎಸೆಯಲೂ ಆಗದ, ಬಳಸಲೂ ಆಗದ ವಸ್ತುವೊಂದು ನಿಮ್ಮ ಮನೆಯಲ್ಲೂ ಇದ್ದೀತು. ಆ ಚೂರಿ ಈಗ ನನ್ನ ಹತ್ತಿರವಿದೆ. ಅಲಗು ಸವೆದು ಕಡ್ಡಿಯಾಗಿದೆ. ಹಿಡಿಕೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಆಗಾಗ ಕೈಯಲ್ಲಿ ಹಿಡಿದು ನೋಡುತ್ತೇನೆ. ನನ್ನ ಕೊನೆಯ ಎರಡು ಬೆರಳಿಗೆ ಅಲ್ಲಿ ಜಾಗವಿಲ್ಲ.