ಸುಭದ್ರಮ್ಮನಿಗೂ ತಿಳಿಯದ ಸಿನಿಮಾ

ಸುಭದ್ರಮ್ಮ ಕಥೆಯಲ್ಲಿ ಸುಳ್ಳು ಬೆರೆಸಿದ್ದು ಒಂದೇ ಒಂದು ಸಲ, ಅದನ್ನು ಹಿಡಿದವಳು ನಾನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಶಂಕರಮ್ಮನ ಬಾಯಿಗೆ ಸಿಗಬೇಡಿ ಎಂದು ಆದೋನಿಯ ಹತ್ತಿ ಮಿಲ್ಲಿನಲ್ಲಿ ಈಗಲೂ ಹೇಳುತ್ತಾರೆ. ಹೇಳಲಿ ಬಿಡಿ.

೧೯೫೬ರ ಬೇಸಿಗೆ. ಎಮ್ಮಿಗನೂರು ರಸ್ತೆಯ ಬಯಲಿನಲ್ಲಿ ಸಿದ್ದಬಸಪ್ಪನವರ ಸಿನಿಮಾ ಡೇರೆ ಇತ್ತು. ಹೆಂಗಸರಿಗೆ ಬೇರೆ ಗೇಟು, ಅದನ್ನು ಕಾಯುತ್ತಿದ್ದವಳು ಸುಭದ್ರಮ್ಮ. ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ. ಟಿಕೆಟು ಹರಿಯುವುದಷ್ಟೇ ಅವಳ ಕೆಲಸವಲ್ಲ. ಸಾಬರ ಓಣಿಯಲ್ಲಿ ಬೆಳೆದವಳಾದ್ದರಿಂದ ಹಿಂದಿ ಸಲೀಸಾಗಿ ತಿಳಿಯುತ್ತಿತ್ತು. ಹೊಸ ಸಿನಿಮಾ ಬಂದರೆ ಮೊದಲ ಆಟವನ್ನು ಬಾಯಿ ಮುಚ್ಚಿಕೊಂಡು ನೋಡುವಳು. ಎರಡನೇ ಆಟದಿಂದ ನಮ್ಮ ನಡುವೆ ಕೂತು, ಕನ್ನಡ ತೆಲುಗು ಬೆರೆಸಿ ಕಥೆ ಹೇಳುವಳು. "ಇವ ಆಕಿ ಮಾವ ಅದಾನ, ನಂಬಬ್ಯಾಡ್ರಿ" ಎಂದು ಮುಂಚೆಯೇ ಎಚ್ಚರಿಸುವಳು. ಅವಳಿಲ್ಲದಿದ್ದರೆ ನಮಗೆ ಪರದೆಯ ಮೇಲೆ ಬರೀ ಬಾಯಿ ಆಡುವುದು ಕಾಣುತ್ತಿತ್ತು.

ಆ ಬೇಸಿಗೆ ಬಂದದ್ದೊಂದು ವಿಚಿತ್ರ ಹಿಂದಿ ಸಿನಿಮಾ. ದೊಡ್ಡ ಮನೆ, ಹೊಸ ಸೊಸೆ. ಅವಳ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ, ಹೆಣ ಬಾವಿಯಲ್ಲಿ ಸಿಗುತ್ತದೆ. ನೂಕಿದವರು ಯಾರು? ಹುಡುಕುತ್ತ ಹುಡುಕುತ್ತ ಸೊಸೆ ಉಗ್ರಾಣದ ಬಾಗಿಲು ತೆರೆದರೆ, ಆ ಕಡೆಯೂ ಅದೇ ಪಡಸಾಲೆ, ಅದೇ ಮನೆಮಂದಿ ಊಟಕ್ಕೆ ಕೂತಿದ್ದಾರೆ. ಇವಳ ಎಲೆಯ ಮುಂದೆ ಇವಳದೇ ಸೀರೆ ಉಟ್ಟ ಇನ್ನೊಬ್ಬಳು! ಮುಖ ತೋರಿಸುವುದೇ ಇಲ್ಲ. ಅನ್ನ ಕಲಸುತ್ತಲೇ ಇರುತ್ತಾಳೆ, ಬಾಯಿಗಿಡುವುದಿಲ್ಲ. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡು ಸಿನಿಮಾ ಮುಗಿದೇ ಹೋಗುತ್ತದೆ. ಅಯ್ಯೋ ಶಿವನೇ, ಇದೆಂಥ ಕಥೆ!

ನೋಡಿದ ಹೆಂಗಸರು ಮನೆಗೆ ಹೋಗಿ ಉಪ್ಪು ಮೆಣಸಿನಕಾಯಿ ನಿವಾಳಿಸಿಕೊಂಡರು. ಮೂರು ದಿನದಲ್ಲಿ ನಮ್ಮ ಕಡೆ ಖಾಲಿಯಾಯಿತು. ಸಿದ್ದಬಸಪ್ಪನವರು ಸುಭದ್ರಮ್ಮನನ್ನು ಕರೆದರು.

"ಐತವಾರದ ತನಕ ನೋಡ್ತೀನಿ. ಹೆಂಗಸರು ಬರಲಿಲ್ಲಂದ್ರ ಆ ಗೇಟು ಮುಚ್ಚಿ ಜಾಗ ಗಂಡಸರಿಗೆ ಬಿಡ್ತೀನಿ. ನೀನು ಬ್ಯಾರೆ ಕೆಲಸ ನೋಡ್ಕೋ."

ಪಾಪ, ಅವಳೇನು ಮಾಡಿಯಾಳು! ಹೆಂಗಸರಿಗೆ ಸಮಾಧಾನವಾಗುವಂತೆ ಕಥೆಗೆ ತಾನೇ ಒಂದು ಕೊನೆ ಹಚ್ಚಿದಳು. ಅವತ್ತು ನಾನು ಆ ಸಿನಿಮಾಕ್ಕೆ ಮೊದಲ ಸಲ ಹೋಗಿದ್ದೆ. ಬಾಗಿಲು ಮುಚ್ಚಿಕೊಳ್ಳುತ್ತಲೇ ಅವಳು ಎದ್ದು ನಿಂತು, "ನೂಕಿದಾಕಿ ಅತ್ತಿ. ಪೊಲೀಸ್ರು ಬಂದು ಹಿಡ್ಕೊಂಡು ಹೋದ್ರು. ಮುಗೀತು, ಏಳ್ರಿ" ಎಂದಳು.

"ಪೊಲೀಸ್ರು ಎಲ್ಲಿ ಬಂದ್ರು? ನನಗೇನು ಕಣ್ಣಿಲ್ಲೇನು? ಎಲ್ಲಾ ಅಬದ್ಧಂ!" ಎಂದು ನಾನು ಕೂಗಿದೆ.

ಇದ್ದ ನಾಲ್ಕು ಹೆಂಗಸರೂ ನಕ್ಕರು. ಸುಭದ್ರಮ್ಮ ತಲೆ ತಗ್ಗಿಸಿ ಗೇಟಿನ ಕಡೆ ಹೋದಳು. ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಯಿತು.

ಮರುದಿನ ಮಿಲ್ಲಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಲೇ ಕೂತೆ, ಬಾಯಿಗಿಡಲಾಗಲಿಲ್ಲ. ಆ ಮುಖವಿಲ್ಲದವಳು ಎದುರಿಗೇ ಕೂತಂತಾಯಿತು. ಹೆದರಿಕೆಯಾದರೂ ಇನ್ನೊಮ್ಮೆ ಅವಳನ್ನು ನೋಡಬೇಕು ಎನಿಸಿತು. ಸಂಜೆ ಆಟಕ್ಕೆ ಮತ್ತೆ ಹೋದೆ. ಸುಭದ್ರಮ್ಮ ಅವತ್ತು ಮಾತುಗಳನ್ನಷ್ಟೇ ಹೇಳುತ್ತ ಬಂದಳು. ಎಲೆಯ ಮುಂದೆ ಆ ಹೆಂಗಸು ಕಂಡಾಗ ನನ್ನ ಕಡೆ ತಿರುಗಿದಳು.

"ನಿನ್ನೆ ಹೇಳಿದ್ದು ಸುಳ್ಳ ಐತಿ. ಇದು ನನಗ ತಿಳೀವಲ್ದು. ಶಂಕರಮ್ಮಕ್ಕ, ನಿನಗೇನ್ ಕಾಣ್ತೈತಿ? ನೀನ ಹೇಳು."

ಮತ್ತೆ ಸುಳ್ಳು ಹೇಳಿದರೆ ಜಗಳ ಮಾಡಲು ಸಿದ್ಧಳಾಗಿದ್ದ ನನ್ನ ಬಾಯಿಂದ ಬಂದದ್ದೇ ಬೇರೆ.

"ಅಲ್ಲಿ ಕುಂತಾಕಿ ಸತ್ತಾಕಿ. ನಾನು ಎರಡನೇ ಸಂಬಂಧಕ್ಕ ಬಂದಾಕಿ. ಸತ್ತ ಮೊದಲನೇಕಿ ಸೀರೀನ ನನಗ ಉಡಿಸಿದ್ರು. ಇಪ್ಪತ್ತು ವರ್ಷದಿಂದ ಆಕಿ ಜಾಗದಾಗ ಕುಂತು ಉಣ್ಣಾಕತ್ತೀನಿ."

ಹೇಳಿದವಳೇ ಅತ್ತುಬಿಟ್ಟೆ. ಈ ಮಾತನ್ನು ನನ್ನ ಗಂಡನೂ ನನ್ನ ಬಾಯಿಂದ ಕೇಳಿರಲಿಲ್ಲ. ಸುಭದ್ರಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು. ಆಸ್ಪರಿಯಿಂದ ಮಗಳ ಮನೆಗೆ ಬಂದಿದ್ದ ಮುದುಕಿ ಕೊಂಡಮ್ಮ, "ಆಕೀನ ಯಾರೂ ನೂಕಿಲ್ಲವ್ವ, ತಾನ ಬಿದ್ದಾಳ. ಆ ಮನಿ ಆಕಿಗಿ ಸಾಕಾಗಿತ್ತು" ಎಂದು ಮೆಲ್ಲಗೆ ಹೇಳಿದಳು. "ಅಲ್ಲಬೇ, ನೂಕಿದಾಕಿ ಅತ್ತಿನ!" ಎಂದು ಪಕ್ಕದಲ್ಲಿದ್ದ ಹೊಸ ಮದುವಣಗಿತ್ತಿ ಎಷ್ಟು ಜೋರಾಗಿ ಕೂಗಿದಳೆಂದರೆ, ಅಳುತ್ತಿದ್ದ ನಾನೂ ನಕ್ಕುಬಿಟ್ಟೆ. ದೀಪ ಹತ್ತಿದ ಮೇಲೂ ಯಾರೂ ಏಳಲಿಲ್ಲ.

ಮಾತು ಮಿಲ್ಲಿಗೆ ಹೋಯಿತು, ಬಾವಿಕಟ್ಟೆಗೆ ಹೋಯಿತು. ನೂಕಿದವಳು ಅತ್ತೆ ಎಂಬ ಸುದ್ದಿ ಕೇಳಿ ಊರಿನ ಅತ್ತೆಯರೆಲ್ಲ ಸಿಟ್ಟಿನಿಂದ ನೋಡಲು ಬಂದರು. ಒಬ್ಬೊಬ್ಬರಿಗೆ ಒಂದೊಂದು ಕಂಡಿತು, ಕಂಡದ್ದನ್ನು ಸಾಧಿಸಲು ಮತ್ತೆ ಬಂದರು. ಸುಭದ್ರಮ್ಮ ಎಲ್ಲರದನ್ನೂ ಕೇಳುತ್ತಿದ್ದಳು, ಯಾರದ್ದೂ ತಪ್ಪೆನ್ನಲಿಲ್ಲ. ಹೆದರಿಕೆ ಕಡಿಮೆಯಾಗಿರಲಿಲ್ಲ. ಆದರೆ ಮನೆಯಲ್ಲಿ ಒಬ್ಬಳೇ ಹೆದರುವುದಕ್ಕಿಂತ ಅಲ್ಲಿ ಐವತ್ತು ಜನ ಒಟ್ಟಿಗೆ ಕೂತು ಹೆದರುವುದು ಎಷ್ಟೋ ಸುಖ.

ಐತವಾರ ಸಂಜೆ ಸಿದ್ದಬಸಪ್ಪನವರು ನಮ್ಮ ಗೇಟಿಗೆ ಬಂದರು. ಒಳಗೆ ಕಾಲಿಡಲು ಜಾಗವಿಲ್ಲ. ಹೊರಗೆ ಕಂಕುಳಲ್ಲಿ ಕೂಸು ಹೊತ್ತವರು ಇನ್ನೂ ನಿಂತಿದ್ದಾರೆ.

"ಏನ್ ಹೇಳಿ ಕರಕೊಂಡು ಬಂದಿ ಇಷ್ಟು ಮಂದೀನ?"

"ನನಗ ತಿಳಿಯಂಗಿಲ್ಲಂತ ಹೇಳೀನ್ರಿ ಸಾವ್ಕಾರ್ರ, ಅಷ್ಟ" ಎಂದಳು ಸುಭದ್ರಮ್ಮ.

ಅವರು ಒಳಗೆ ಕೈ ತೋರಿಸಿ, ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ್ದ ಗೋಣಿತಟ್ಟಿನ ಪರದೆಯನ್ನು ನಾಲ್ಕು ಮಾರು ಗಂಡಸರ ಕಡೆಗೆ ಸರಿಸಲು ಹೇಳಿದರು. ಗಂಡಸರು ಗೊಣಗುತ್ತ ಎದ್ದು ಹಿಂದೆ ಸರಿದರು. ಪರದೆ ಕಟ್ಟಿದ್ದ ಬಿದಿರಿನ ಗಳುವನ್ನು ಸುಭದ್ರಮ್ಮ ತಾನೇ ಕಿತ್ತು ಹಿಡಿದಳು. ನಾನು ಓಡಿಹೋಗಿ ಇನ್ನೊಂದು ತುದಿ ಹಿಡಿದೆ.

"ಇನ್ನೊಂದೀಟು ಸರಸು ಶಂಕರಮ್ಮಕ್ಕ," ಎಂದಳು, "ಹೊರಗ ಇನ್ನೂ ಮಂದಿ ಅದಾರ."